ರೇಷ್ಮೆ ಗಂಟಿನ ದುರ್ಬೀನು

ಕೊಳ್ಳೇಗಾಲದ ಪೇಟೆಯಲ್ಲಿ ನನಗೊಂದು ಹೆಸರಿತ್ತು: ಹದ್ದಿನ ಕಣ್ಣಿನವನು ಅಂತ. ನಮ್ಮದು ರೇಷ್ಮೆ ನೂಲಿನ ಅಂಗಡಿ. ನೇಕಾರರು ತಂದ ಸೀರೆಯನ್ನೋ ನೂಲಿನ ಲಡಿಯನ್ನೋ ಮೂಗಿನ ಹತ್ತಿರ ಹಿಡಿದು, ಎಲ್ಲಿ ಎಳೆ ಕಡಿದಿದೆ, ಎಲ್ಲಿ ಗಂಟು ಹಾಕಿ ಮುಚ್ಚಿದ್ದಾರೆ ಅಂತ ಥಟ್ಟನೆ ಹೇಳಿಬಿಡುತ್ತಿದ್ದೆ. ಹದ್ದು ಯಾವುದನ್ನೂ ಮೂಗಿನ ತುದಿಗೆ ತಂದುಕೊಂಡು ನೋಡುವುದಿಲ್ಲ ಎಂಬುದು ಹೊಗಳುವವರಿಗೂ ಹೊಳೆಯಲಿಲ್ಲ, ಹೊಗಳಿಸಿಕೊಳ್ಳುತ್ತಿದ್ದ ನನಗಂತೂ ಹೊಳೆಯುವ ಮಾತೇ ಇಲ್ಲ.

ಮಾರುದ್ದ ದಾಟಿದರೆ ನನ್ನ ಪಾಲಿಗೆ ಪ್ರಪಂಚ ನೀರು ಹೆಚ್ಚಾದ ಅಂಬಲಿ. ಆದರೆ ಅದು ನನ್ನ ಕಣ್ಣಿನ ದೋಷ ಅಂತ ನನಗೆ ಗೊತ್ತೇ ಇರಲಿಲ್ಲ. ದೂರ ಎಂದರೆ ಮಸುಕು, ಎಲ್ಲರಿಗೂ ಹಾಗೇ ಅಂದುಕೊಂಡಿದ್ದೆ. ದೂರದ ಬೆಟ್ಟ ನುಣ್ಣಗೆ ಅಂತ ಗಾದೆಯೇ ಇದೆಯಲ್ಲ! ಇಡೀ ಕನ್ನಡ ನಾಡು ಒಪ್ಪಿಕೊಂಡ ಮಾತನ್ನು ನಾನೊಬ್ಬ ಅನುಮಾನಿಸುವುದುಂಟೆ? ಸ್ಕೂಲಿನಲ್ಲಿ ಗಿಡ್ಡ ಅಂತ ಮೇಷ್ಟ್ರು ಮುಂದೆ ಕೂರಿಸಿದ್ದರು, ಹಾಗಾಗಿ ಬೋರ್ಡಿಗೂ ನನಗೂ ಜಗಳ ಬರಲಿಲ್ಲ. ಬೀದಿಯಲ್ಲಿ ಎದುರು ಬರುವವರನ್ನು ನಡಿಗೆಯಿಂದ, ಕೆಮ್ಮಿನಿಂದ, ಹೆಗಲ ಮೇಲಿನ ಟವೆಲ್ಲಿನ ಬಣ್ಣದಿಂದ ಗುರುತು ಹಿಡಿಯುತ್ತಿದ್ದೆ. ಮಿಕ್ಕವರೂ ಹಾಗೇ ಮಾಡುತ್ತಾರೆ, ಆದರೆ ಈ ವಿದ್ಯೆಯಲ್ಲಿ ನನಗಿಂತ ಸ್ವಲ್ಪ ಚುರುಕು ಎಂದು ಅವರ ಬಗ್ಗೆ ಗೌರವವೂ ಇತ್ತು.

ಇದರಿಂದ ಪೇಟೆಯಲ್ಲಿ ನನಗೆ ಇನ್ನೊಂದು ಹೆಸರೂ ಬಂದಿತ್ತು, ಜಂಬದವನು ಅಂತ. ಅದು ನನ್ನ ಕಿವಿಗೆ ಬಿದ್ದದ್ದು ಹೆಂಡತಿಯ ಬಾಯಿಂದ. ಅವಳ ತವರು ಹನೂರಿನಾಚೆ, ಕಾಡಿಗೆ ಒತ್ತಿಕೊಂಡ ಒಂದು ಹಳ್ಳಿ. ಅಲ್ಲಿ ನಮ್ಮ ಮಾವನವರಿಗೆ ಒಳ್ಳೆಯ ಜಮೀನಿತ್ತು. ಅವರು ಸಂತೆಗೆ ಕೊಳ್ಳೇಗಾಲಕ್ಕೆ ಬಂದಾಗ ದೂರದಿಂದ ನನ್ನನ್ನು ನೋಡಿ ಕೈ ಎತ್ತಿದರಂತೆ. ನಾನು ಅವರತ್ತ ನೋಡಿ, ಮುಖ ಗಂಟು ಹಾಕಿಕೊಂಡು, ಪಕ್ಕದ ಓಣಿಗೆ ತಿರುಗಿಕೊಂಡೆನಂತೆ. ಒಂದು ಸಲವಲ್ಲ, ಸಿಕ್ಕಾಗಲೆಲ್ಲ ಹೀಗೇ ಅಂತೆ.

"ಅಪ್ಪಾಜಿ ಬಾಳ ನೊಂದ್ಕಂಡವ್ರೆ. ಹಳ್ಳಿಯೋನು ಅಂತ ಅಳಿಯಂದ್ರು ಮೊಕ ತಿರುಗ್ಸ್ತಾರೆ ಅಂತ ಅಮ್ಮನ ತಾವ ಯೋಳುದ್ರಂತೆ," ಎಂದಳು.

"ನಾನು ಅವರನ್ನು ಕಂಡೇ ಇಲ್ಲ!" ಎಂದು ಕೂಗಾಡಿದೆ. ಅದು ಶುದ್ಧ ಸತ್ಯ. ಆದರೆ ಸಂತೆಯಲ್ಲಿ ಆಳುದ್ದ ಎದ್ದು ಕಾಣುವ ಮಾವನನ್ನು ಕಂಡೇ ಇಲ್ಲ ಎನ್ನುವ ಅಳಿಯನನ್ನು ಯಾರು ನಂಬುತ್ತಾರೆ? ಆ ವರ್ಷದ ಯುಗಾದಿಗೆ ಹೋದಾಗ ಮಾವ ನನ್ನ ಜೊತೆ ಕೂತು ಊಟ ಮಾಡಿದರು, ಬೇವುಬೆಲ್ಲ ಕೊಟ್ಟರು, ಆದರೆ ಮಾತಾಡಲಿಲ್ಲ. ಹೆಂಡತಿ ವಾಪಸು ಬರುವಾಗ ಬಸ್ಸಿನಲ್ಲಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ನನಗೆ ಸಂಕಟವೂ ಆಯಿತು, ಮಾಡದ ತಪ್ಪಿಗೆ ರೇಗಿಯೂ ಹೋಯಿತು.

ಇದನ್ನು ಸರಿಮಾಡಲು ಅವಳೇ ಒಂದು ದಾರಿ ಹುಡುಕಿದಳು. ಅರವತ್ತರ ದಶಕದ ನಡುವಿನ ಮಾತು ಇದು. ಕಾಡುಪ್ರಾಣಿ ಕೊಲ್ಲಬಾರದು ಎಂಬ ಈಗಿನ ಬಿಗಿ ಕಾನೂನು ಆಗಿನ್ನೂ ಬಂದಿರಲಿಲ್ಲ. ಬೆಳೆ ಕಾಯಲು ಕೋವಿಗೆ ಲೈಸೆನ್ಸು ಸಿಗುತ್ತಿತ್ತು, ಮಾವನ ಹತ್ತಿರವೂ ಒಂದು ಕೋವಿ ಇತ್ತು. ನಾವು ಮೊಟ್ಟೆಯನ್ನೂ ಮುಟ್ಟದ ಲಿಂಗ ಕಟ್ಟಿದ ಜನ. ಆದರೆ ಹಂದಿಗಳಿಗೆ ಅದರಿಂದೇನು? ಅವು ಕಡ್ಲೆಕಾಯಿ ಹೊಲಕ್ಕೆ ನುಗ್ಗಿದರೆ ಬೆಳಗಾಗುವುದರೊಳಗೆ ಉತ್ತಿಟ್ಟ ಹಾಗೆ ಮಾಡಿ ಹೋಗುತ್ತಿದ್ದವು. ಮಾವ ಹಂದಿ ಹೊಡೆದರೆ ತಲೆಗೆ ನೀರು ಹೊಯ್ದುಕೊಂಡು, ವಿಭೂತಿ ಬಳಿದುಕೊಂಡು, ಪೂಜೆ ಮುಗಿಸಿಯೇ ಊಟಕ್ಕೆ ಕೂರುತ್ತಿದ್ದರು. ಹಂದಿ ಮಾತ್ರ ತಮಟೆ ಬಡಿದು ಅದನ್ನು ಎಬ್ಬಿಸಿದವರ ಪಾಲಾಗುತ್ತಿತ್ತು.

ಅಂಥವರು ಒಂದು ದಿನ ಬೆಳಗಿನ ಮಬ್ಬಿನಲ್ಲಿ ಹೊಲದ ಅಂಚಿನಲ್ಲಿ ಕರ್ರಗೆ ಕೂತದ್ದನ್ನು ನೋಡಿ ಕೋವಿ ಎತ್ತಿದ್ದಾರೆ. ಆ ಕರೀದು ಎದ್ದು ನಿಂತು, ಕಂಬಳಿ ಕೊಡವಿ, ಚೊಂಬು ಎತ್ತಿಕೊಂಡು ಊರಿನ ಕಡೆ ನಡೆಯಿತು! ಅಂದಿನಿಂದ ಮಾವನಿಗೆ ಕೋವಿ ಎತ್ತಲು ಕೈಯೇ ಬರುತ್ತಿರಲಿಲ್ಲ. ಹಂದಿಗಳಿಗೆ ಹಬ್ಬ.

"ಒಂದು ದುರ್ಬೀನು ಬೇಕಂತೆ ಅಪ್ಪಾಜಿಗೆ. ನಾನೇ ಯೋಳ್ದೆ, ನಿಮ್ಮಳಿಯಂದ್ರ ಕಣ್ಣು ಬಾಳ ಸೂಕ್ಷ್ಮ, ಅವ್ರೇ ಆರ್ಸಿ ತಂದ್ಕೊಡ್ತಾರೆ ಅಂತ," ಎಂದಳು. ನಾನು ಎದೆಯುಬ್ಬಿಸಿ ಒಪ್ಪಿಕೊಂಡೆ.

ಮೊದಲು ನಮ್ಮ ಪೇಟೆಯಲ್ಲೇ ಗಡಿಯಾರ, ರೇಡಿಯೋ ಇಟ್ಟಿದ್ದ ವ್ಯಾಪಾರಿಯೊಬ್ಬನ ಹತ್ತಿರ ಹೋದೆ. ಅವನಲ್ಲಿ ಫಳಫಳ ಹೊಳೆಯುವ ಹೊಸ ದುರ್ಬೀನಿತ್ತು. ಹದಿನಾರು ಪಟ್ಟು ದೊಡ್ಡದಾಗಿ ತೋರಿಸುತ್ತದೆ ಎಂದ. ನಾನು ಅದನ್ನು ಲಡಿ ಪರೀಕ್ಷಿಸುವ ಕ್ರಮದಲ್ಲೇ ಪರೀಕ್ಷಿಸಿದೆ. ಚರ್ಮದ ಚೀಲ ಮೂಸಿದೆ. ಹೊಲಿಗೆಯ ಮೇಲೆ ಉಗುರಾಡಿಸಿದೆ. ಗಾಜನ್ನು ಬೆಳಕಿಗೆ ಹಿಡಿದು ಜರಿಯ ಮಿನುಗು ನೋಡಿದ ಹಾಗೆ ಓರೆಯಾಗಿ ನೋಡಿದೆ. ಕಟ್ಟಕಡೆಗೆ, ಹೋಗಲಿ ಅಂತ, ಅದರೊಳಗೂ ನೋಡಿದೆ. ಎದುರು ಬೀದಿಯ ಮನೆ ಚಳಿಜ್ವರ ಬಂದಂತೆ ನಡುಗುತ್ತಿತ್ತು, ಅದರ ಮೇಲೆ ದಟ್ಟ ಮಂಜು. ವ್ಯಾಪಾರಿ ಏನೋ ತಿರುಪಿ, ತಾನು ನೋಡಿ, "ಈಗ ನೋಡಿ, ಮುತ್ತಿನಂಗದೆ" ಎಂದ. ಅದೇ ಮಂಜು. ಹೊಸ ಮಾಲು, ಕೈ ಹಾಕಬೇಡಿ ಎಂದು ನನಗೆ ತಿರುಪಲು ಬಿಡಲಿಲ್ಲ. ಮೇಲೆ ಥಳುಕು ಒಳಗೆ ಹುಳುಕು ಎಂದು ತೀರ್ಮಾನಿಸಿ ಎದ್ದು ಬಂದೆ.

ಯಳಂದೂರಿನಲ್ಲಿ ಮಿಲಿಟರಿಯಿಂದ ರಿಟೈರಾದ ಹವಾಲ್ದಾರರೊಬ್ಬರ ಹತ್ತಿರ ಹಳೆಯದೊಂದು ಇದೆ ಎಂದು ಯಾರೋ ಹೇಳಿದರು. ಹೋದೆ. ಬಣ್ಣ ಕಿತ್ತು ಹಿತ್ತಾಳೆ ಕಾಣುತ್ತಿದ್ದ ಭಾರದ ದುರ್ಬೀನು. ಆದರೆ ಹವಾಲ್ದಾರರು ಅದನ್ನು ಮಗಳನ್ನು ನೋಡಲು ಬಂದವರೆದುರು ಹೊಗಳುವ ಹಾಗೆ ಹೊಗಳಿದರು.

"ಏಳು ಪಟ್ಟು ಸಾಕು ಸಾವ್ಕಾರ್ರೇ. ಎಷ್ಟು ಪಟ್ಟು ಹಂದಿ ದೊಡ್ಡದಾಯ್ತದೋ ಅಷ್ಟೇ ಪಟ್ಟು ನಿಮ್ಮ ಕೈ ನಡುಕಾನೂ ದೊಡ್ಡದಾಯ್ತದೆ. ಮುಂದ್ಗಡೆ ಗಾಜು ಅಗಲ ಇದ್ಯಾ ನೋಡಿ, ಮಬ್ಬಲ್ಲಿ ಬೆಳಕು ಇಡಿಯೋದು ಅದೇ. ಕಿವಿ ತಾವ ಇಡ್ದು ಅಲ್ಲಾಡ್ಸಿ, ಒಳ್ಗೆ ಗಲಗಲ ಅನ್ಬಾರ್ದು. ಇನ್ನೊಂದು ಯೋಳ್ತೀನಿ ಕೇಳಿ. ಮಟಮಟ ಮಧ್ಯಾನದಲ್ಲಿ ಎಲ್ಲ ದುರ್ಬೀನೂ ಒಳ್ಳೇವೇ. ಒತ್ತು ಮುಳುಗೋಗಂಟ ಕೂತ್ಕಳಿ, ಆಮೇಲೆ ನೋಡಿ."

ಕೂತೆ. ಅವರು ಬರ್ಮಾದ ಯುದ್ಧವನ್ನು ಮೊದಲಿಂದ ಕೊನೆಯವರೆಗೆ ಹೇಳಿದರು, ಅವರ ಮನೆಯವರು ಕಾಫಿ ಕೊಟ್ಟರು. ಸಂಜೆ ಜಗಲಿಯ ಮೇಲೆ ನಿಂತು ದುರ್ಬೀನನ್ನು ಬಿಳಿಗಿರಿರಂಗನ ಬೆಟ್ಟದ ಕಡೆ ಹಿಡಿದೆ. ಮಂಜು! ಆದರೆ ಕಣ್ಣಿಡುವ ಕಡೆ ಎರಡು ಬಳೆಗಳಿದ್ದವು, ಇಲ್ಲಿ ತಿರುಪಬೇಡಿ ಎನ್ನುವವರಿರಲಿಲ್ಲ. ಒಂದನ್ನು ತಿರುಪಿದೆ, ಇನ್ನೊಂದನ್ನೂ ತಿರುಪಿದೆ.

ಬೆಟ್ಟ ನುಣ್ಣಗಿರಲಿಲ್ಲ.

ಅದರ ಮೈಮೇಲೆ ಬಂಡೆಗಳಿದ್ದವು. ಮರಗಳು ಒಂದೊಂದೇ ಬಿಡಿಬಿಡಿಯಾಗಿ ನಿಂತಿದ್ದವು. ಹತ್ತಿರದ ತಂತಿಯ ಮೇಲೆ ಕೂತ ಹಕ್ಕಿಗೆ ಕೊಕ್ಕಿತ್ತು, ಅದು ರೆಕ್ಕೆ ಕೆದರಿಕೊಳ್ಳುತ್ತಿತ್ತು. ಎಂಥ ದುರ್ಬೀನು! ಹವಾಲ್ದಾರರು ಕಡಿಮೆಯೇ ಹೊಗಳಿದ್ದಾರೆ ಅನ್ನಿಸಿತು. ಅವರು ಅದನ್ನು ಇಸಿದುಕೊಂಡು ನೋಡಿ, "ಇದ್ಯಾಕ್ರೀ ಇಂಗೆ ತಿರುಗ್ಸಿದ್ರಿ?" ಎಂದು ಬಳೆಗಳನ್ನು ಹಿಂದಕ್ಕೆ ತಿರುಪಿ ಕೊಟ್ಟರು. ಮತ್ತೆ ಮಂಜು. ನಾನು ಸರಿಮಾಡಿದೆ, ಅವರು ಕೆಡಿಸಿದರು. ಮತ್ತೆ ಸರಿಮಾಡಿದೆ, ಮತ್ತೆ ಕೆಡಿಸಿದರು. ಪಾಪ, ಮುದುಕರಿಗೆ ಇದನ್ನು ಬಿಟ್ಟುಕೊಡಲು ಮನಸ್ಸಿಲ್ಲ, ಅದಕ್ಕೇ ಗುಣ ಮುಚ್ಚಿಡುತ್ತಿದ್ದಾರೆ ಎಂದು ನನ್ನ ವ್ಯಾಪಾರಿ ಬುದ್ಧಿ ಹೇಳಿತು. ಕೊಂಡು ತಂದೇಬಿಟ್ಟೆ.

ಇಲ್ಲಿಯವರೆಗೆ ನಾನು ಮಾಡಿದ್ದು ದಡ್ಡತನ. ಮುಂದಿನದು ಕಸುಬುದಾರಿಕೆ, ಅದು ಇನ್ನೂ ಅಪಾಯ. ನಮ್ಮ ಅಂಗಡಿಯಲ್ಲೊಂದು ಪದ್ಧತಿಯಿತ್ತು. ಒಪ್ಪಿಗೆಯಾದ ಲಡಿಗೆ ಹುರಿ ದಾರ ಸುತ್ತಿ, ನಮ್ಮದೇ ಗಂಟು ಹಾಕಿ, ಮೇಲೆ ಅರಗು ಬಿಡುವುದು. ಆಮೇಲೆ ಅದನ್ನು ಯಾರೂ ಕೆದಕುವಂತಿಲ್ಲ. ನಾನು ಮಹಡಿ ಹತ್ತಿ ಊರಂಚಿನ ಮರಡಿಗುಡ್ಡದ ಕಡೆಗೆ ದುರ್ಬೀನು ಹಿಡಿದು, ಬಳೆಗಳನ್ನು ಸರಿಯಾದ ಜಾಗಕ್ಕೆ ತಂದು, ಎರಡಕ್ಕೂ ರೇಷ್ಮೆ ಹುರಿ ಬಿಗಿದು, ಗಂಟು ಹಾಕಿ ಅರಗು ಬಿಟ್ಟೆ. ಹಳ್ಳಿಯಲ್ಲಿ ಕಂಡಕಂಡವರು ತಿರುಪಿ ಕೆಡಿಸಬಾರದಲ್ಲ! ನಾನೂ ಒಂದು ಸಲ ನೋಡಲೇ ಎಂದಳು ಹೆಂಡತಿ. "ಇದು ಆಟದ ಸಾಮಾನಲ್ಲ," ಎಂದೆ.

ದುರ್ಬೀನು ತೆಗೆದುಕೊಂಡು ನಾವು ಹಳ್ಳಿಗೆ ಹೋದ ಸಂಜೆ ಮಾವ ನನ್ನನ್ನು ಹೊಲದ ಅಟ್ಟಣೆಯ ಮೇಲೆ ಪಕ್ಕದಲ್ಲೇ ಕೂರಿಸಿಕೊಂಡರು. ಬಾಯಿ ತುಂಬ ಮಾತಾಡದಿದ್ದರೂ ಮುಖ ಸಡಿಲವಾಗಿತ್ತು. ದುರ್ಬೀನಿನ ತೂಕ ನೋಡಿ ತಲೆದೂಗಿದರು, ಕಣ್ಣಿಗೆ ಹಿಡಿದರು. ಬಹಳ ಹೊತ್ತು ಹಿಡಿದರು.

"ಅಳಿಯಂದ್ರೇ, ಏನೂ ಕಾಣಕ್ಕಿಲ್ವಲ್ಲ. ಹಸಿ ಸೌದೆ ಒಲೆ ಹೊಗೆ ತುಂಬ್ಕಂಡಂಗದೆ."

ನಾನು ಇಸಿದುಕೊಂಡು ನೋಡಿದೆ. ಹೊಲದ ಕೊನೆಯ ಬೇಲಿಯ ಮುಳ್ಳು ಮುಳ್ಳೂ ಕಾಣುತ್ತಿತ್ತು. "ಚೆನ್ನಾಗಿಯೇ ಕಾಣುತ್ತಲ್ಲ ಮಾವ. ಸರಿಯಾಗಿ ಹಿಡಿದುಕೊಳ್ಳಿ."

ಅವರು ಸರಿಯಾಗಿ ಹಿಡಿದರು. ಹೊಗೆ. ಕೆಳಗಿದ್ದ ಆಳುಗಳನ್ನು ಕರೆದು ತೋರಿಸಿದರು. ಎಲ್ಲರಿಗೂ ಹೊಗೆ. ನನಗೆ ಮಾತ್ರ ಮುಳ್ಳು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ನನ್ನ ಬಾಯಿಂದ ಬಂದೇಬಿಟ್ಟಿತು.

ಮಾವ ದುರ್ಬೀನನ್ನು ನನ್ನ ತೊಡೆಯ ಮೇಲಿಟ್ಟರು. "ಸಂತೇಲಿ ಮೊಕ ತಿರುಗ್ಸ್ಕಂಡ್ರಿ, ಸುಮ್ಗಾದೆ. ಈಗ ಕೆಟ್ಟ ಮಾಲು ತಂದು ನನ್ನೇ ಕುರುಡ ಅಂತೀರಾ? ನಾನೇನು ಹಂದಿ ಹೊಡೆಯಕ್ಕೆ ಕೇಳ್ದೆ ಅಂದ್ಕಂಡ್ರಾ ಇದ? ಮನ್ಸರ ಹೊಡೀದೆ ಇರಕ್ಕೆ ಕೇಳ್ದೆ ಕಣ್ರಿ!"

ನಾನೂ ದನಿ ಎತ್ತಿದೆ, ಅವರೂ ಎತ್ತಿದರು. ನಮ್ಮ ಗದ್ದಲಕ್ಕೆ ಹೆದರದ ಧೈರ್ಯವಂತ ಹಂದಿಗಳು ಹೊಲದ ಇನ್ನೊಂದು ತುದಿಯಲ್ಲಿ ಊಟ ಶುರುಮಾಡಿದವು. ಅಷ್ಟರಲ್ಲಿ ಬುತ್ತಿ ತಂದ ನನ್ನ ಹೆಂಡತಿ ಕೆಳಗೆ ನಿಂತು ಎಲ್ಲ ಕೇಳಿಸಿಕೊಂಡಳು. ಮೇಲೆ ಹತ್ತಿ ಬಂದು ತಾನೂ ದುರ್ಬೀನಿನಲ್ಲಿ ನೋಡಿದಳು. ಆಮೇಲೆ ಅದನ್ನು ಬೆನ್ನ ಹಿಂದೆ ಇಟ್ಟುಕೊಂಡು ನನ್ನನ್ನು ಕೇಳಿದಳು.

"ರೀ, ಆ ಹುಣಿಸೆ ಮರದ ಕೆಳಗೆ ನಿಂತಿರೋರು ಯಾರು, ಯೋಳಿ."

"ಯಾವ ಹುಣಿಸೆ ಮರ?" ಎಂದೆ.

ಮಾವ ನನ್ನ ಮುಖಕ್ಕೆ ಮುಖ ತಂದು, ಹಸುವಿನ ಹಲ್ಲು ನೋಡುವವರ ಹಾಗೆ ಕಣ್ಣನ್ನೇ ನೋಡಿದರು. "ಅಳಿಯಂದ್ರೇ, ಮರ ಕಾಣಕ್ಕಿಲ್ವಾ?"

"ಇಲ್ಲಿಂದ ಯಾರಿಗೆ ಕಾಣುತ್ತೆ ಮಾವ?" ಎಂದೆ, ನಂಬಿಕೆಯಿಂದಲೇ.

"ನಮ್ಗೆಲ್ಲ ಕಾಣ್ತದೆ," ಎಂದರು. ದನಿ ಮೆತ್ತಗಾಗಿತ್ತು. ಮದುವೆಯಾಗಿ ಮಕ್ಕಳಾದ ಮೇಲೆ, ಕಡ್ಲೆಕಾಯಿ ಹೊಲದ ಅಟ್ಟಣೆಯ ಮೇಲೆ, ಹದ್ದಿನ ಕಣ್ಣಿನವನಿಗೆ ತಾನು ಅರೆಗುರುಡ ಎಂದು ಗೊತ್ತಾಯಿತು. ದುರ್ಬೀನು ಒಳ್ಳೆಯದೇ ಇತ್ತು. ನಾನು ಅದನ್ನು ನನ್ನ ಕಣ್ಣಿನ ದೋಷಕ್ಕೆ ಸರಿಯಾಗಿ ತಿರುಪಿ, ಅರಗು ಹಾಕಿ ತಂದಿದ್ದೆ. ಮಾವ ಹುರಿಯನ್ನು ಹಲ್ಲಿನಿಂದ ಕಡಿಯಲು ನೋಡಿದರು. ನಮ್ಮ ಅಂಗಡಿಯ ಗಂಟು ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ, ಕುಡುಗೋಲೇ ಬೇಕಾಯಿತು. ಬಳೆ ತಿರುಪಿ ನೋಡಿ, "ಅಯ್ಯೋ ಶಿವನೇ, ಹಂದಿ ಮೀಸೆ ಕಾಣ್ತದಲ್ಲಾ!" ಎಂದರು. ಆ ಹೊತ್ತಿಗೆ ಹಂದಿ ಬಾಯಿ ಒರೆಸಿಕೊಂಡು ಹೊರಟಿತ್ತು.

ಊಟಕ್ಕೆ ಕೂತಾಗ ಮಾವ ತಟ್ಟೆಯಿಂದ ತಲೆ ಎತ್ತದೆ ಕೇಳಿದರು, "ಅಂಗಾರೆ ಬಸ್ಸು ಓಗುವಾಗ್ಲೂ ನಿಮ್ಗೆ ಕಾಣ್ತಿರ್ಲಿಲ್ವಾ?"

"ಬಸ್ಸು ಹೋಗುವಾಗ ಏನು ಮಾವ?"

ಹೆಂಡತಿ ಹೇಳಿದಳು. ನಾವು ಊರಿಂದ ಹೊರಟಾಗಲೆಲ್ಲ ಅವರು ಹೊಲದ ಬದುವಿನ ಮೇಲೆ ಬಂದು ನಿಂತು, ಬಸ್ಸು ತಿರುವು ದಾಟುವ ತನಕ ಕೈ ಎತ್ತಿಕೊಂಡೇ ಇರುತ್ತಾರಂತೆ. ಅವಳು ಕಿಟಕಿಯಿಂದ ಕೈ ಆಡಿಸುತ್ತಿದ್ದಳು. ಅವಳು ಮಗುವಿಗೆ ಗಾಳಿ ಹಾಕುತ್ತಿದ್ದಾಳೆ ಎಂದು ನಾನು ಅಂದುಕೊಳ್ಳುತ್ತಿದ್ದೆ.

ಮಾರನೆಯ ಬೆಳಿಗ್ಗೆ ಹೊರಡುವಾಗ ಮಾವ ದುರ್ಬೀನನ್ನು ನನ್ನ ಕೊರಳಿಗೇ ಹಾಕಿದರು. "ಕನ್ನಡಕ ಆಕುಸ್ಕಳೋಗಂಟ ನಿಮ್ ತಾವೇ ಇರ್ಲಿ. ಅಲ್ಲಿಗಂಟ ಹಂದಿ ತಿಂದ್ರೆ ತಿನ್ಲಿ."

ಬಸ್ಸು ಹೊರಟಿತು. ನಾನು ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ, ಬಳೆಗಳನ್ನು ತಿರುಪಿ, ಬದುವಿನ ಕಡೆ ನೋಡಿದೆ. ತಲೆ ಒಳಕ್ಕೆ ಎಳ್ಕಳಿ ಸಾ ಎಂದು ಕಂಡಕ್ಟರು ಕೂಗುತ್ತಿದ್ದ, ಜನ ನಗುತ್ತಿದ್ದರು. ಮಾವ ಅಲ್ಲಿದ್ದರು. ಹಣೆಯ ಮೇಲಿನ ವಿಭೂತಿ ಕಾಣುತ್ತಿತ್ತು. ಎತ್ತಿದ ಕೈ, ಅದರಲ್ಲಿ ಟವೆಲ್ಲು, ನನ್ನ ಕಡೆಗೇ ನೆಟ್ಟ ಕಣ್ಣು, ಎಲ್ಲವೂ ಕಾಣುತ್ತಿತ್ತು. ನಾನೂ ಕೈ ಎತ್ತಬೇಕು ಅನ್ನುವಾಗ ಹೊಳೆಯಿತು, ನನ್ನ ಎರಡು ಕೈಯೂ ದುರ್ಬೀನು ಹಿಡಿದಿವೆ.

ತಿರುವು ಹತ್ತಿರ ಬಂದಿತ್ತು. ದುರ್ಬೀನನ್ನು ಎದೆಯ ಮೇಲೆ ಬಿಟ್ಟೆ. ಮಾವ, ಬದು, ಹೊಲ ಎಲ್ಲ ಮಂಜಾಯಿತು. ಆ ಮಂಜಿನ ಕಡೆಗೆ ತಿರುಗಿ ಎರಡು ಕೈಯನ್ನೂ ಎತ್ತಿದೆ.