ಗೂಡು ಬೇಯ್ಲಿ, ಇರೇ

ನನಗೆ ತಾಳ್ಮೆ ಎನ್ನುವುದು ಹುಟ್ಟಿದಾಗಿನಿಂದಲೇ ಇಲ್ಲ. ಬಸ್ಸು ಎರಡು ನಿಮಿಷ ತಡವಾದರೆ ಕಂಡಕ್ಟರನ ಮೇಲೆ ಎಗರುವವಳು ನಾನು. ಅಂಥವಳ ಕೈಗೆ ದೇವರು ಒಂದು ಹಳೇ ಲ್ಯಾಪ್‌ಟಾಪ್ ಕೊಟ್ಟ, ಅದಕ್ಕೆ ತೆವಳುವ ನೆಟ್ ಕೊಟ್ಟ, ಪಕ್ಕದಲ್ಲಿ ನನ್ನ ಅಕ್ಕನನ್ನು ಕೂರಿಸಿದ.

ಶಿಡ್ಲಘಟ್ಟದ ಎರಡು ಕೋಣೆಯ ಮನೆಯಲ್ಲಿ ನಾವಿಬ್ಬರೇ ಇದ್ದದ್ದು. ನಾನು ತಾಲ್ಲೂಕು ಕಚೇರಿಯ ಎದುರಿನ ಅಂಗಡಿಯಲ್ಲಿ ಅರ್ಜಿ ಟೈಪ್ ಮಾಡುತ್ತಿದ್ದೆ. ಅಕ್ಕ ಹಿಂದಿನ ಬೀದಿಯ ರೀಲಿಂಗ್ ಶೆಡ್ಡಿನಲ್ಲಿ ರೇಷ್ಮೆಗೂಡಿನಿಂದ ನೂಲು ತೆಗೆಯುತ್ತಿದ್ದಳು. ನಮ್ಮ ಟಿವಿ ಸುಟ್ಟುಹೋದ ಮೇಲೆ ಇನ್ನೊಂದನ್ನು ತರಲಿಲ್ಲ. ಅಕ್ಕನ ಧಾರಾವಾಹಿಯನ್ನು ನನ್ನ ಫೋನಿನ ನೆಟ್ ಹಾಕಿಕೊಂಡು ಲ್ಯಾಪ್‌ಟಾಪಿನಲ್ಲೇ ನೋಡುತ್ತಿದ್ದೆವು. ಸಿಗ್ನಲ್ ಸಿಗುತ್ತಿದ್ದದ್ದು ಅಡುಗೆಮನೆ ಕಿಟಕಿಯ ಹತ್ತಿರ ಮಾತ್ರ. ಹಾಗಾಗಿ ಫೋನು ರಾಗಿ ಡಬ್ಬದ ಮೇಲೆ, ನಾವು ಕೆಳಗೆ ನೆಲದ ಮೇಲೆ.

ನಾಯಕಿ ಅರ್ಧ ಮಾತಾಡಿ ಬಾಯಿ ತೆರೆದುಕೊಂಡೇ ನಿಂತುಬಿಡುತ್ತಿದ್ದಳು. ಪರದೆಯ ನಡುವೆ ಚಕ್ರ ಸುತ್ತತೊಡಗುತ್ತಿತ್ತು. "ಥೂ, ಹಾಳಾಗ್ ಹೋಗ!" ಎಂದು ನಾನು ಕೈಗೆ ಸಿಕ್ಕ ಗುಂಡಿಗಳನ್ನೆಲ್ಲ ಕುಟ್ಟುತ್ತಿದ್ದೆ.

"ಯಾಕೇ ಅದನ್ನ ಹಂಗೆ ಚಚ್ತೀಯ?" ಅನ್ನುತ್ತಿದ್ದಳು ಅಕ್ಕ. "ಗೂಡು ಬೇಯ್ಲಿ, ಇರೇ."

ಅವಳ ಕಣ್ಣಿಗೆ ಪರದೆಯ ಕೆಳಗಿನ ಬೂದು ಗೆರೆ ಬಿಸಿನೀರಿನಲ್ಲಿ ಬೇಯುತ್ತಿರುವ ಗೂಡು. ಅದರ ಹಿಂದೆ ಬರುವ ಕೆಂಪು ಗೆರೆ ನೂಲು. ಗೂಡು ಹದವಾಗಿ ಬೇಯದೆ ಎಳೆದರೆ ನೂಲು ಕಿತ್ತುಹೋಗುತ್ತದೆ. ಆದ್ದರಿಂದ ಅವಳು ಮೊದಲೇ ಕಥೆಯನ್ನು ನಿಲ್ಲಿಸಿ, ಬೂದು ಗೆರೆಯನ್ನು ಮುಂದೆ ಹೋಗಲು ಬಿಟ್ಟು, ನೆಮ್ಮದಿಯಾಗಿ ಸೊಪ್ಪು ಬಿಡಿಸುತ್ತಾ ಕೂರುತ್ತಿದ್ದಳು. ಬಿಸಿನೀರಿನಲ್ಲಿ ನೆನೆದು ನೆನೆದು ಅವಳ ಬೆರಳುಗಳು ಸದಾ ಬೆಳ್ಳಗೆ ಸುಕ್ಕಾಗಿರುತ್ತಿದ್ದವು. ಬರಬರುತ್ತಾ ಆ ಮಾತು ನನಗೂ ಅಂಟಿಕೊಂಡಿತು. ಒಂದು ದಿನ ಅಂಗಡಿಯಲ್ಲಿ ಗಿರಾಕಿಯೊಬ್ಬರಿಗೆ, "ನಿಮ್ಮ ಪಹಣಿ ಇನ್ನೂ ಬೇಯ್ತಾ ಇದೆ, ಕೂತ್ಕೊಳಿ" ಎಂದುಬಿಟ್ಟೆ. ಮನೆಗೆ ಬಂದು ಹೇಳಿದರೆ ಅಕ್ಕ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು, ನಗುತ್ತಾ ಕೆಮ್ಮಿದಳು.

ಧಾರಾವಾಹಿಯ ಕಥೆ ಇಷ್ಟೇ: ಮೆಚ್ಚಿದವನನ್ನು ಮದುವೆಯಾಗಿ ಮನೆ ಬಿಟ್ಟುಹೋದ ಮಗಳು ವರ್ಷಗಳ ಮೇಲೆ ತವರಿಗೆ ಬರುತ್ತಾಳೆ. ತಾಯಿ ಬಾಗಿಲು ತೆಗೆಯುತ್ತಾಳೋ ಇಲ್ಲವೋ? ಇದನ್ನೇ ತಿಂಗಳುಗಟ್ಟಲೆ ಎಳೆದರು. ನನಗೆ ರೇಗುತ್ತಿತ್ತು. ಅಕ್ಕ ಮಾತ್ರ ರೆಪ್ಪೆ ಬಡಿಯದೆ ನೋಡುತ್ತಿದ್ದಳು.

ಯಾಕೆಂದು ನನಗೆ ಗೊತ್ತಿತ್ತು. ಅಕ್ಕನೂ ಹಾಗೆಯೇ ಮೆಚ್ಚಿದವನ ಜೊತೆ ಚಿಂತಾಮಣಿಗೆ ಹೊರಟುಹೋದವಳು. ಎರಡು ವರ್ಷವಾದ ಮೇಲೆ ಒಂದು ಯುಗಾದಿಗೆ ಬಂದು ಬಾಗಿಲು ತಟ್ಟಿದಳು. ಅಮ್ಮ ಒಳಗೆ ಹೋಳಿಗೆ ತಟ್ಟುತ್ತಾ ಕೂತಿದ್ದಳು. ತಾನೂ ಏಳಲಿಲ್ಲ, ನನ್ನನ್ನೂ ಏಳಲು ಬಿಡಲಿಲ್ಲ. "ಅಮ್ಮಾ, ನಾನು ಕಣಮ್ಮ" ಎಂದು ಅಕ್ಕ ಮೂರು ಸಲ ಕೂಗಿದ್ದು ನನಗೆ ಈಗಲೂ ಕೇಳಿಸುತ್ತದೆ. ಅವಳು ಮತ್ತೆ ಈ ಮನೆಗೆ ಬಂದದ್ದು ಗಂಡ ತೀರಿಕೊಂಡ ಮೇಲೆ. ಅಷ್ಟು ಹೊತ್ತಿಗೆ ಅಮ್ಮನೂ ಹೋಗಿದ್ದಳು. ಆ ಯುಗಾದಿಯ ಮಾತನ್ನು ನಾವಿಬ್ಬರೂ ಎಂದೂ ಎತ್ತಲಿಲ್ಲ.

ಶನಿವಾರ ರಾತ್ರಿ ಟಿವಿಯಲ್ಲಿ ಅದರ ಕೊನೆಯ ಕಂತು ಬಂದಿತ್ತು. ಭಾನುವಾರ ಬೆಳಿಗ್ಗೆಯೇ ಅಕ್ಕ ಅದನ್ನು ಬೇಯಲು ಇಟ್ಟಳು. "ಇವತ್ತು ಮಧ್ಯ ಎಲ್ಲೂ ಕಿತ್ತೋಗ್ಬಾರ್ದು. ಪೂರ್ತಿ ಬೇಯ್ಲಿ, ಊಟ ಆದ್ಮೇಲೆ ನೋಡಣ" ಅಂದಳು. ಊಟಕ್ಕೆ ಕೂರುವ ಮೊದಲೇ ಅವಳಿಗೆ ಉಸಿರು ಸಿಕ್ಕಿಕೊಂಡಿತು. ಆ ಕೆಮ್ಮು ವರ್ಷಗಳಿಂದ ಇತ್ತು. ನಾವು ಅದನ್ನು ಶೆಡ್ಡಿನ ಹಬೆಯ ಕೆಮ್ಮು ಎಂದು ಕಷಾಯದಲ್ಲೇ ಸಾಗಹಾಕಿದ್ದೆವು. ಅವಳನ್ನು ಆಟೋದಲ್ಲಿ ಹಾಕಿಕೊಂಡು ಚಿಕ್ಕಬಳ್ಳಾಪುರದ ಆಸ್ಪತ್ರೆಗೆ ಓಡಿದೆ.

ಸಂಜೆ ಅವಳ ಬಟ್ಟೆ ತರಲು ಮನೆಗೆ ಬಂದೆ. ಗಾಬರಿಯಲ್ಲಿ ಫೋನನ್ನು ರಾಗಿ ಡಬ್ಬದ ಮೇಲೆಯೇ ಬಿಟ್ಟುಹೋಗಿದ್ದೆ. ಲ್ಯಾಪ್‌ಟಾಪ್ ತೆರೆದೇ ಇತ್ತು. ಬೂದು ಗೆರೆ ಕೊನೆ ಮುಟ್ಟಿತ್ತು. ಸೀರೆ ಮಡಚುತ್ತಾ ನಿಂತವಳು ಒಂದೇ ನಿಮಿಷ ನೋಡೋಣವೆಂದು ಒತ್ತಿದೆ. ಅದು ಒಂದು ಕಡೆಯೂ ನಿಲ್ಲಲಿಲ್ಲ. ನಾಚಿಕೆಗೆಟ್ಟವಳು, ಅಕ್ಕನನ್ನು ಅಲ್ಲಿ ಮಲಗಿಸಿ ಬಂದು ಪೂರ್ತಿ ನೋಡಿದೆ.

ಮರುದಿನ ಅಕ್ಕ ಮೂಗಿನ ಮೇಲಿದ್ದ ಮಾಸ್ಕ್ ಸರಿಸಿ ಕೇಳಿದ ಮೊದಲ ಮಾತೇ ಅದು. "ಬಾಗಿಲು ತೆಗೆದ್ಲೇನೇ?"

ಹೇಳಿಬಿಡಬಹುದಿತ್ತು. ನನಗೆ ಅದೇನು ಹುಚ್ಚು ಹಿಡಿದಿತ್ತೋ! ಹೇಳದೆ ಉಳಿಸಿಕೊಂಡರೆ, ಅದನ್ನು ನೋಡುವುದಕ್ಕಾದರೂ ಎದ್ದು ಮನೆಗೆ ಬರುತ್ತಾಳೆ ಅನ್ನಿಸಿತು.

"ನಾನೂ ನೋಡಿಲ್ಲ ಕಣಕ್ಕ. ಇನ್ನೂ ಬೇಯ್ತಾ ಇದೆ. ನೀನು ಬಾ, ಇಬ್ರೂ ನೋಡಣ."

ಎರಡನೆಯ ದಿನವೂ ಕೇಳಿದಳು. ಎರಡನೆಯ ದಿನವೂ ಬೇಯುತ್ತಿದೆ ಎಂದೆ. ಮೂರನೆಯ ದಿನ ಅವಳ ದನಿ ಬಹಳ ಸಣ್ಣದಾಗಿತ್ತು. ಬಗ್ಗಿ ಕಿವಿಯನ್ನು ಬಾಯಿಯ ಹತ್ತಿರ ಇಡಬೇಕಾಯಿತು.

"ಸಾಕು, ಇಳಿಸೇ. ಜಾಸ್ತಿ ಬೆಂದ್ರೆ ಎಳೇನೇ ಸಿಗಲ್ಲ." ಸ್ವಲ್ಪ ಉಸಿರು ಎಳೆದುಕೊಂಡು, "ಹೇಳ್ಬಿಡೇ. ಅಮ್ಮ ತೆಗೆದ್ಲಾ?" ಅಂದಳು.

ಧಾರಾವಾಹಿಯಲ್ಲಿ ಆ ತಾಯಿಗೆ ಬೇರೆಯೇ ಹೆಸರಿತ್ತು. ಅಷ್ಟು ದಿನವೂ ಅಕ್ಕ ಆ ಹೆಸರಿನಿಂದಲೇ ಅವಳನ್ನು ಬೈಯುತ್ತಿದ್ದಳು. ಅವತ್ತು ಅಮ್ಮ ಅಂದಳು. ನನಗೆ ಅರ್ಥವಾಯಿತು. ಆದರೂ ಅವಳ ತಲೆ ಸವರಿ, "ನಾಳೆ ನೋಡಣ ಅಕ್ಕ" ಅಂದೆ. ಬೆಳಿಗ್ಗೆ ಕಾಫಿ ತರಲು ಕೆಳಗೆ ಹೋಗಿ ಬರುವಷ್ಟರಲ್ಲಿ ಅಕ್ಕ ಹೋಗಿದ್ದಳು.

ಜನ್ಮದಲ್ಲಿ ಒಂದೇ ಒಂದು ಸಲ ತಾಳ್ಮೆ ತೋರಿಸಿದೆ, ಅದೂ ಇಂಥ ಕಡೆ. ಈಗ ನಮ್ಮ ಬೀದಿಗೆ ವೇಗದ ನೆಟ್ ಬಂದಿದೆ. ಒತ್ತಿದ ತಕ್ಷಣ ಎಲ್ಲ ಓಡುತ್ತದೆ, ಯಾವುದೂ ಬೇಯುವುದಿಲ್ಲ. ನನಗೆ ಒಂದು ಕಂತೂ ಕೂತು ನೋಡಲಾಗುವುದಿಲ್ಲ.

ಅಕ್ಕ ಹೋದ ಹನ್ನೊಂದನೆಯ ದಿನ ಬಾಳೆ ಎಲೆಯಲ್ಲಿ ಅವಳಿಗೆ ಇಷ್ಟವಾದ ಮುದ್ದೆ, ಅವರೆಕಾಳು ಸಾರು ಬಡಿಸಿ ಎಡೆ ಇಟ್ಟೆವು. ನೆಂಟರೆಲ್ಲ ಕೈಮುಗಿದು ಹೊರಗೆ ಹೋದರು. ಅಡುಗೆಮನೆಯ ಆ ನೆಲದ ಮೇಲೆಯೇ ನಾನೊಬ್ಬಳು ಎಲೆಯ ಮುಂದೆ ಉಳಿದೆ.

"ಅಕ್ಕ, ತೆಗೆದ್ಲು ಕಣಕ್ಕ" ಎಂದೆ. "ಒಂದ್ಸಲ ತಟ್ಟಿದ್ಕೇ ಓಡಿ ಬಂದು ತೆಗೆದ್ಲು."