ನಾನು ಹಾಕದ ಅರ್ಜಿ

ವಿಮಲಾ, ನಮ್ಮ ಥಾಯ್ಲೆಂಡ್ ವೀಸಾವನ್ನು ಯಾರೂ ತಿರಸ್ಕರಿಸಿರಲಿಲ್ಲ. ನಾನು ಅರ್ಜಿಯನ್ನೇ ಹಾಕಿರಲಿಲ್ಲ. ನಿನ್ನ ಸಕ್ಕರೆ ಕಾಯಿಲೆ ನೋಡಿ ಬೇಡವೆಂದರು ಅಂದೆನಲ್ಲ — ಅದು ನಾನು ಕಟ್ಟಿದ ಮಾತು. ನೀನು ಅದನ್ನು ನಂಬಿಕೊಂಡೇ ಹೋಗಿಬಿಟ್ಟೆ.

ಮಿಶಿಗನ್ನಿನ ಆಬರ್ನ್ ಹಿಲ್ಸ್‌ನಲ್ಲಿ ನಾನು ಕಾರುಗಳ ಬ್ರೇಕ್ ಪರೀಕ್ಷಿಸುತ್ತ ಕಳೆದ ವರ್ಷಗಳಷ್ಟನ್ನೂ ನೀನು ಮನೆಯೊಳಗೆ ಕಳೆದೆ. ಹೈವೇಯಲ್ಲಿ ಕಾರು ಓಡಿಸಲು ನಿನಗೆ ಧೈರ್ಯ ಬರಲೇ ಇಲ್ಲ. ಒಂದು ಕಟ್ಟು ಕೊತ್ತಂಬರಿ ಸೊಪ್ಪು ಬೇಕಾದರೂ ನನಗಾಗಿ ಕಾಯಬೇಕಿತ್ತು. ನಿವೃತ್ತನಾದ ಮೇಲೆ, ನಿನ್ನ ಮಂಡಿನೋವಿಗೆ ಬೆಚ್ಚಗಿನ ಜಾಗ ಒಳ್ಳೆಯದೆಂದು, ಮಿಶಿಗನ್ ಮನೆ ಮಾರಿ ಥಾಯ್ಲೆಂಡಿನ ಆ ಸಮುದ್ರದ ಊರಿಗೆ ಹೋದೆವು.

ಅಲ್ಲಿ ನೀನು ಬೇರೆಯೇ ಆದೆ. ಬೆಳಿಗ್ಗೆ ಒಬ್ಬಳೇ ಚೀಲ ಹಿಡಿದು ಮಾರ್ಕೆಟ್ಟಿಗೆ ಹೋಗುತ್ತಿದ್ದೆ. ಭಾಷೆ ಬಾರದಿದ್ದರೂ ಕೈಸನ್ನೆಯಲ್ಲೇ ಚೌಕಾಸಿ. ನಿವೃತ್ತರ ವೀಸಾವನ್ನು ವರ್ಷಕ್ಕೊಮ್ಮೆ ನವೀಕರಿಸಬೇಕಿತ್ತು. ಆ ಕಚೇರಿಗೆ ನೀನು ಮದುವೆಗೆ ಹೊರಟವಳಂತೆ ರೇಷ್ಮೆ ಸೀರೆ ಉಟ್ಟು ಬರುತ್ತಿದ್ದೆ. ಮುದ್ರೆಯ ಮಸಿ ಒಣಗುವವರೆಗೆ ಪಾಸ್‌ಪೋರ್ಟನ್ನು ತೆರೆದೇ ಹಿಡಿದು, "ಇನ್ನೊಂದ್ ವರ್ಷ ಕೊಟ್ರಲ್ಲ, ಸಾಕು ಬಿಡಿ" ಅನ್ನುತ್ತಿದ್ದೆ.

ಮತ್ತು ನಾನು — ಅಲ್ಲಿ ನಾನು ಯಾರೂ ಆಗಿರಲಿಲ್ಲ. ಮಿಶಿಗನ್ನಿನಲ್ಲಿ ಯಾರ ಮನೆಗೆ ಊಟಕ್ಕೆ ಹೋದರೂ "ಅಂಕಲ್, ಈ ಕಾರ್ ತಗೋಬಹುದಾ?" ಎಂದು ಹುಡುಗರು ಸುತ್ತುವರಿಯುತ್ತಿದ್ದರು. ಥಾಯ್ಲೆಂಡಿನಲ್ಲಿ ನಾನು, ನೀನು ಚೀಲ ಹಿಡಿದು ಮರಳುವುದನ್ನು ಕಾಯುತ್ತ ಕೂರುವ ಮುದುಕ. ನಿನಗೆ ನನ್ನ ಅಗತ್ಯ ಕಡಿಮೆಯಾಗುವುದನ್ನು ನಾನು ಸಹಿಸಲಿಲ್ಲ. ಇದಕ್ಕಿಂತ ಮರ್ಯಾದೆಯ ಕಾರಣ ಹುಡುಕಿ ನೋಡಿದೆ — ಸಿಗಲಿಲ್ಲ.

ಮಗಳು ಅನುವಿನ ಹೆರಿಗೆಗೆಂದು ಶಿಕಾಗೋ ಹತ್ತಿರದ ವೆಸ್ಟ್‌ಮಂಟ್‌ಗೆ ಹೊರಟೆವು. ಥಾಯ್ಲೆಂಡ್ ಬಿಡುವ ಮುನ್ನ ಮರಳಿ ಬರಲು ಅನುಮತಿ ಪಡೆಯದಿದ್ದರೆ ವೀಸಾ ತಾನಾಗಿಯೇ ರದ್ದಾಗುತ್ತದೆ. ವಿಮಾನ ನಿಲ್ದಾಣದಲ್ಲೇ ಅದಕ್ಕೊಂದು ಕೌಂಟರ್ ಇತ್ತು. ನಿನ್ನನ್ನು ಬ್ಯಾಗುಗಳ ಹತ್ತಿರ ಕೂರಿಸಿ ಹೋದೆ. ನಿನಗೆ ಕಾಣದಂತೆ ಕಂಬದ ಮರೆಯಲ್ಲಿ ಸುಮ್ಮನೆ ನಿಂತೆ. ಸಾಲು ಕರಗಿತು, ಕೌಂಟರಿನ ಹುಡುಗಿ ನನ್ನತ್ತ ನೋಡಿದಳು ಕೂಡ. ಅನುಮತಿ ಕೇಳದೆಯೇ ಮರಳಿ ಬಂದೆ.

"ಆಯ್ತೇನ್ರೀ?" ಎಂದೆ ನೀನು.

"ಆಯ್ತು."

ಮೊಮ್ಮಗ ಮಗುಚಿಕೊಳ್ಳಲು ಕಲಿತ ಮೇಲೆ ನೀನು ವಾಪಸಾಗುವ ಮಾತೆತ್ತಿದೆ. ವೀಸಾದ ಅವಧಿ ಮುಗಿದಿದೆ, ಶಿಕಾಗೋದಿಂದಲೇ ಹೊಸದಾಗಿ ಕೇಳಬೇಕು ಎಂದೆ ನಾನು. ಕೆಲವು ದಿನ ಬಿಟ್ಟು, "ಅಪ್ಲೈ ಮಾಡಿದೀನಿ" ಎಂದೆ. ಮಾಡಿರಲಿಲ್ಲ.

ನೀನು ಹರಕೆ ಹೊತ್ತೆ. ವೀಸಾ ಬರುವವರೆಗೆ ಕಾಫಿ ಮುಟ್ಟುವುದಿಲ್ಲವೆಂದು — ಮೈಸೂರಿನವಳು, ಹಲ್ಲುಜ್ಜಿದ ಬಾಯಿಗೆ ಮೊದಲು ಕಾಫಿಯೇ ಬೇಕಾದವಳು. ಶನಿವಾರ ಶನಿವಾರ ನಿನ್ನನ್ನು ಲೆಮಾಂಟಿನ ದೇವಸ್ಥಾನಕ್ಕೆ ಕರೆದೊಯ್ದೆ. ಒಮ್ಮೆ ಅಲ್ಲಿ ಪರಿಚಯದ ಹುಡುಗಿಯೊಬ್ಬಳು ನಕ್ಕಳು: "ಏನ್ ಆಂಟಿ, ಎಲ್ರೂ ಇಲ್ಲಿಗ್ ಬರೋಕೆ ಹರಕೆ ಹೊರ್ತಾರೆ, ನೀವು ಇಲ್ಲಿಂದ ಹೋಗೋಕಾ?" ನೀನೂ ನಕ್ಕೆ. "ಹೂಂ ಕಣಮ್ಮ, ದೇವರಿಗೂ ಕನ್‌ಫ್ಯೂಸ್ ಆಗಿರ್ಬೇಕು." ನಾನು ಚಪ್ಪಲಿ ಹುಡುಕುವವನಂತೆ ತಲೆ ಬಗ್ಗಿಸಿದೆ. ದೇವರ ಮುಂದೆ ನೀನು ಕಣ್ಣುಮುಚ್ಚಿ ನಿಂತಾಗ ಪಕ್ಕದಲ್ಲಿ ಕೈಮುಗಿದು ನಿಂತವನು ನಾನೇ.

ಕೊನೆಗೆ, ನೀನು ಕಾಫಿಯನ್ನಾದರೂ ಕುಡಿಯಲೆಂದು, ರಿಜೆಕ್ಟ್ ಆಯಿತು ಅಂದೆ. "ಯಾಕಂತೆ?" ಎಂದು ಕೇಳುತ್ತೀಯೆಂದು ಯೋಚಿಸಿರಲೇ ಇಲ್ಲ. ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ — "ನಿನ್ನ ಶುಗರ್ ನೋಡಿ ಬೇಡ ಅಂದ್ರು."

ನೀನು ಅಳಲಿಲ್ಲ. "ನನ್ನಿಂದ ನಿಮಗೂ ತಪ್ಪೋಯ್ತಲ್ರೀ" ಎಂದೆ. ಆಗಲಾದರೂ ಹೇಳಬಹುದಿತ್ತು. ನಾನು — ನಿನ್ನ ಬೆನ್ನು ಸವರಿದೆ, ಕ್ಷಮಿಸುವವನ ಹಾಗೆ.

ಕಾಫಿಯನ್ನು ನೀನು ಮತ್ತೆ ಮುಟ್ಟಲಿಲ್ಲ. ಸಕ್ಕರೆ ಇಳಿಸಿಕೊಂಡು ಇನ್ನೊಮ್ಮೆ ಅರ್ಜಿ ಹಾಕೋಣವೆಂದು ಅನ್ನವನ್ನೂ ಬಿಟ್ಟೆ. ಆ ಚಳಿಗಾಲ ನ್ಯುಮೋನಿಯಾ ಬಂದಾಗ ನಿನ್ನ ಮೈಯಲ್ಲಿ ಏನೂ ಉಳಿದಿರಲಿಲ್ಲ. ಆಸ್ಪತ್ರೆಯಲ್ಲಿ ಅನುವಿಗೆ ನೀನು ಹೇಳಿದ್ದು ಇಷ್ಟೇ ಅಂತೆ: "ಅಪ್ಪನ್ನ ಒಂದ್ಸಲ ಅಲ್ಲಿಗೆ ಕಳ್ಸು. ನನ್ ದೆಸೆಯಿಂದ ಅವರು ಇಲ್ಲಿ ಸಿಕ್ಕಾಕೊಂಡ್ರು."

ಅವಳು ನಿನ್ನ ಮಾತು ನಡೆಸಿದಳು. ನಾನು ಎಷ್ಟು ಬೇಡವೆಂದರೂ ನನ್ನ ಹೆಸರಿನಲ್ಲಿ ವೀಸಾಗೆ ಬರೆದಳು. ಅದು ಕಳೆದ ವಾರ ಬಂತು. ಲ್ಯಾಪ್‌ಟಾಪ್ ತಿರುಗಿಸಿ ತೋರಿಸಿದವಳು ಅರ್ಜಿಯ ಪ್ರಶ್ನೆಗಳನ್ನು ಮತ್ತೊಮ್ಮೆ ಓದಿದಳು.

"ಅಪ್ಪಾ, ಇಷ್ಟ್ ಈಸಿ ಇತ್ತಾ? ಶುಗರ್ ಬಗ್ಗೆ ಇವ್ರು ಕೇಳೋದೇ ಇಲ್ವಲ್ಲ."

"ಆಗ ರೂಲ್ಸ್ ಬೇರೆ ಇತ್ತಮ್ಮ."

ನೀನು ಸತ್ತ ಮೇಲೂ ಹೇಳಿದ ಸುಳ್ಳು ಅದು.

"ಇಲ್ಲ ಅಪ್ಪಾ. ನಿಮಗೆ ಆ ವೆಬ್‌ಸೈಟೆಲ್ಲ ಗೊತ್ತಾಗಿರಲ್ಲ. ನಾನೇ ಕೂತ್ಕೊಂಡ್ ಮಾಡ್ಬೇಕಿತ್ತು. ಪಾಪು ಪಾಪು ಅಂತ ಬಿಜಿ ಆಗ್ಬಿಟ್ಟೆ. ಮಾಡಿದ್ರೆ ಅಮ್ಮ ಅಲ್ಲಿಗೆ ಹೋಗಿರೋಳು."

ಅಂದಿನಿಂದ ಅವಳು ಸರಿಯಾಗಿ ಊಟ ಮಾಡುತ್ತಿಲ್ಲ. ನನ್ನ ತಪ್ಪನ್ನು ನೀನು ಹೊತ್ತೆ. ಈಗ ಅವಳು ಹೊರಲು ಶುರುಮಾಡಿದ್ದಾಳೆ.

ಕೆಳಗೆ ಅಡುಗೆಮನೆಯಲ್ಲಿ ಮೊಮ್ಮಗನಿಗೆ ತಿನ್ನಿಸುತ್ತಿರುವ ಅವಳ ದನಿ ಕೇಳುತ್ತಿದೆ. ಈಗ ಇಳಿದು ಹೋಗುತ್ತೇನೆ. ಆಮೇಲೆ ಅವಳು ನನ್ನನ್ನು ಈ ಮನೆಯಲ್ಲಿ ಇರಿಸಿಕೊಳ್ಳುವಳೋ ಇಲ್ಲವೋ — ಅದು ಅವಳಿಗೆ ಬಿಟ್ಟದ್ದು. "ರೂಲ್ಸ್ ಬೇರೆ ಇರಲಿಲ್ಲ ಅನು" — ಅಲ್ಲಿಂದ ಶುರುಮಾಡಬೇಕು.