ಮುತ್ತಮ್ಮನವರು ಚುಕ್ಕಾಣಿ ಹಿಡಿದದ್ದು

ಬಸ್ತಿಹಳ್ಳಿಯ ಷಡಕ್ಷರಪ್ಪನವರು ಸರಕು ಹಡಗುಗಳ ಎಂಜಿನ್ ಕೋಣೆಯಲ್ಲಿ ಮೂವತ್ತು ವರ್ಷ ದುಡಿದು ಊರಿಗೆ ಮರಳಿದವರು. ಎರಡು ಸಾವಿರದ ಮೂರರಲ್ಲಿ ಅವರು ಮುಂಬಯಿಯಿಂದ ಒಂದು ಹಳೆಯ ಹಾಯಿದೋಣಿಯನ್ನು ಕೊಂಡರು. ಕಾರುಗಳಂತೆ ಕಾರ್ಖಾನೆಯಲ್ಲಿ ಒಂದೇ ಅಚ್ಚಿನಿಂದ ನೂರಾರು ತಯಾರಾದವುಗಳಲ್ಲಿ ಅದೂ ಒಂದು. ಆದ್ದರಿಂದಲೇ ಬೆಲೆ ನಿವೃತ್ತರ ಕೈಗೆ ಎಟುಕಿತು. ಒಳಗೆ ಇಬ್ಬರು ಮಲಗಲು ಜಾಗ, ಒಂದು ಪುಟ್ಟ ಒಲೆ. ದೋಣಿಯನ್ನು ಉಡುಪಿಯ ಆಚೆ, ಹಂಗಾರಕಟ್ಟೆಯಲ್ಲಿ ಹೊಳೆ ಕಡಲು ಸೇರುವ ಅಳಿವೆಯಲ್ಲಿ ಕಟ್ಟಿದ್ದರು.

ಅದನ್ನು ನಡೆಸಲು ಇಬ್ಬರು ಸಾಕು, ಆದರೆ ಇಬ್ಬರು ಬೇಕೇ ಬೇಕು: ಒಬ್ಬರು ಚುಕ್ಕಾಣಿಗೆ, ಒಬ್ಬರು ಹಾಯಿಯ ಹಗ್ಗಕ್ಕೆ. ಚುಕ್ಕಾಣಿ ಹಿಡಿಯುತ್ತಿದ್ದ ಜೊತೆಗಾರ ಹುಚ್ಚಣ್ಣನ ಕಣ್ಣು ಮಂಜಾದ ಮೇಲೆ ನೆರೆಮನೆಯ ನನ್ನನ್ನೂ ಕರೆದರು. ನಾನೋ ಅರಸೀಕೆರೆಯ ಬಸ್ಸಿನಲ್ಲೇ ವಾಂತಿ ಮಾಡಿಕೊಳ್ಳುವವನು. ಬೇರೆ ಯಾರೂ ಸಿಗದೆ ಕೊನೆಗೆ ದೋಣಿಯನ್ನು ಮಾರಲು ಒಪ್ಪಿದರು. ಕೊಳ್ಳುವವರಿಗೆ ಸೋಮವಾರ ಒಪ್ಪಿಸುವುದೆಂದು ನಿಶ್ಚಯವಾಯಿತು. ಮಾರುವ ಮುಂಚೆ ತಾನೊಮ್ಮೆ ಚುಕ್ಕಾಣಿಗೆ ಕೂತು ನೋಡುತ್ತೇನೆಂದು ಅವರ ಹೆಂಡತಿ ಮುತ್ತಮ್ಮನವರು ಹಟ ಹಿಡಿದರು. ಭಾನುವಾರ ಮೂವರೂ ಹೋದೆವು. ನಾನು ದಡದಲ್ಲಿ ಕುಳಿತೆ.

ಮುತ್ತಮ್ಮನವರು ಜಾವಗಲ್ಲಿನ ಎತ್ತಿನಗಾಡಿ ಹೊಡೆಯುವ ಮನೆಯ ಮಗಳು. ಎತ್ತಿನ ಬಲಗಡೆಯ ಹಗ್ಗ ಎಳೆದರೆ ಗಾಡಿ ಬಲಕ್ಕೆ ಹೋಗುತ್ತದೆ. ಅವರು ಚುಕ್ಕಾಣಿಯ ಹಿಡಿಯನ್ನೂ ಹಾಗೆಯೇ ಬಲಕ್ಕೆ ಎಳೆದರು. ದೋಣಿ ಎಡಕ್ಕೆ ತಿರುಗಿತು. ಮೂರು ಸಲ ಹೀಗೆಯೇ ಆಗಿ ಮರಳದಿಣ್ಣೆಯ ಹತ್ತಿರ ಹೋದರು. ಷಡಕ್ಷರಪ್ಪನವರು ಹಾಯಿ ಇಳಿಸಿ ದೋಣಿಯನ್ನು ದಡಕ್ಕೆ ತಂದರು. ಬುತ್ತಿ ಬಿಚ್ಚಿದೆವು. ಮುತ್ತಮ್ಮನವರು ರೊಟ್ಟಿ ಮುರಿಯುತ್ತಾ ಕೇಳಿದರು:

“ಅಲ್ಲಾ ರೀ, ಎತ್ತು ಬಿಚ್ಚಿದ ಮೇಲೆ ಮುಂದ್ಗಡೆ ಮೂಕಿ ಮರ ಹಿಡ್ಕೊಂಡು ಗಾಡೀನ ಹಿಂದಕ್ಕೆ ಕೊಟ್ಟಿಗೆಗೆ ತಳ್ಳಲ್ವಾ? ಮೂಕಿ ಬಲಕ್ಕೆ ದೂಡಿದ್ರೆ ಗಾಡಿ ಎತ್ಲಾಗೆ ಹೋಯ್ತದೆ?”

“ಎಡಕ್ಕೆ.”

“ಇದೂ ಅಂಗೇ ಐತೆ. ನೀವು ಯಾವತ್ತು ಗಾಡಿ ತಳ್ಳಿದ್ರಿ, ನಂಗೆ ಹೇಳ್ಕೊಡಾಕೆ?”

ಊಟವಾದ ಮೇಲೆ ಮತ್ತೆ ಹೊರಟರು. ಮೊದಮೊದಲು ದೋಣಿ ಹಾವಿನಂತೆ ಹರಿಯಿತು. ಆಮೇಲೆ ನೆಟ್ಟಗಾಯಿತು. ಅಳಿವೆಯ ಬಾಯಲ್ಲಿ ನೆಟ್ಟಿದ್ದ ಕಂಬವನ್ನು ಸುತ್ತಿ, ಅಲೆ ಎದ್ದ ಕಡೆ ಸ್ವಲ್ಪ ವಾಲಿ, ಅವರು ಹಿಂದಿರುಗಿದರು. ಹಗ್ಗ ಹಿಡಿದಿದ್ದ ಷಡಕ್ಷರಪ್ಪನವರು ಅಷ್ಟು ದೂರವೂ ಹಾಯಿಯನ್ನೇ ನೋಡುತ್ತಿದ್ದರು. ಒಮ್ಮೆಯೂ ಹೆಂಡತಿಯ ಕಡೆ ತಿರುಗಲಿಲ್ಲ. ಹಿಂದೆ ಹುಚ್ಚಣ್ಣ ಚುಕ್ಕಾಣಿ ಹಿಡಿದಿದ್ದಾಗಲೂ ಅವರು ಅಷ್ಟು ನೆಮ್ಮದಿಯಿಂದ ಕುಳಿತದ್ದನ್ನು ನಾನು ಕಂಡಿರಲಿಲ್ಲ.

ದಡಕ್ಕೆ ಬಂದವರೇ ಷಡಕ್ಷರಪ್ಪನವರು ಅಂಗಡಿಯ ಕಾಯಿನ್ ಫೋನಿನಿಂದ ಕೊಳ್ಳುವವರಿಗೆ ಬರಬೇಡಿ ಎಂದು ತಿಳಿಸಿ ಕ್ಷಮೆ ಕೇಳಿದರು. ಮುತ್ತಮ್ಮನವರು ಸೆರಗಿನಿಂದ ಮುಖದ ಉಪ್ಪುನೀರು ಒರೆಸಿಕೊಳ್ಳುತ್ತಾ, ರಾಗಿ ಕೊಯ್ಲು ಮುಗಿದ ಕೂಡಲೇ ಬರೋಣ ಎಂದರು.